ಬಚ್ಚಲ ಒಲೆಯ ಮೇಲೆ ಒಣಗಿದ ಶೂ

ಹೋದ ವಾರ ನಮ್ಮ ಬಚ್ಚಲಮನೆಯಿಂದ ರಬ್ಬರು ಸುಟ್ಟ ವಾಸನೆ ಬಂತು. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ಕೂತಿದ್ದವಳು ಎಲ್ಲವನ್ನೂ ಹಾಗೇ ಬಿಟ್ಟು, ಮೊಣಕಾಲು ನೋವನ್ನೂ ಮರೆತು ಓಡಿದೆ. ಹೋಗಿ ನೋಡಿದರೆ ಏನಿಲ್ಲ, ರಜೆಗೆ ಮಸ್ಕತ್ತಿನಿಂದ ಬಂದ ಮೊಮ್ಮಗಳು ನಿಧಿ ತನ್ನ ಒದ್ದೆ ಚಪ್ಪಲಿಯನ್ನು ಹಂಡೆ ಒಲೆಯ ದಂಡೆಗೆ ಒರಗಿಸಿ ಇಟ್ಟಿದ್ದಳು. ತುದಿ ಸ್ವಲ್ಪ ಕರಗಿತ್ತು.

"ಅಮ್ಮಮ್ಮ, ನೀನ್ ಇಷ್ಟ್ ಜೋರ್ ಓಡ್ತ್ಯಾ!" ಎಂದು ಆ ಹುಡುಗಿ ಕೈ ತಟ್ಟಿ ನಕ್ಕಳು. "ಅಮ್ಮಂಗೆ ಓಟ ಎಲ್ಲಿಂದ ಬಂತ್ ಅಂತ ಈಗ ಗೊತ್ತಾಯ್ತ್."

ಈ ಮಾತಿಗೆ ನನಗಾದ ಖುಷಿಯನ್ನು ಎಲ್ಲಿಡಲಿ ಎಂದು ತಿಳಿಯಲಿಲ್ಲ. ಪಕ್ಕದ ಮನೆಯ ಜಲಜಕ್ಕನಿಗೆ ಹೇಳಿದೆ, ಹಾಲು ತರುವವನಿಗೆ ಹೇಳಿದೆ, ಬೂತಾಯಿ ತಂದ ಮೀನಿನವಳನ್ನು ಕೂರಿಸಿಕೊಂಡು ಹೇಳಿದೆ. ಆದರೆ ಇದೇ ನಿಧಿ ಎದೆಹಾಲು ಕುಡಿಯುವ ಮಗುವಾಗಿದ್ದ ಮಳೆಗಾಲದಲ್ಲಿ ಇದೇ ಬಚ್ಚಲಿನಿಂದ ಇದೇ ವಾಸನೆ ಎದ್ದಾಗ ನಗುವವರು ಒಬ್ಬರೂ ಇರಲಿಲ್ಲ. ಆ ಮಳೆಗಾಲ ನನ್ನನ್ನು ಅರೆದು ಹಾಕಿದಷ್ಟು ಬೇರೆ ಯಾವ ಮಳೆಗಾಲವೂ ಅರೆಯಲಿಲ್ಲ.

ನಮಗೆ ಶೈಲಾ ಒಬ್ಬಳೇ ಮಗಳು. ಅಳಿಯನಿಗೆ ಮಸ್ಕತ್ತಿನಲ್ಲಿ ಗಾಡಿಯ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸ. ಮದುವೆಯಾಗಿ ಹೋದವಳಿಗೆ ಹೆರಿಗೆಯೂ ಅಲ್ಲೇ ಆಯಿತು. ಬಾಣಂತನಕ್ಕೆ ನಾನೇ ಹೋಗಬೇಕೆಂದು ಎಷ್ಟು ಆಸೆ ಇಟ್ಟುಕೊಂಡಿದ್ದೆನೋ! ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇ ತಡವಾಗಿ, ಅದು ಕೈಗೆ ಬರುವಾಗ ಮಗು ಮಗುಚಿ ಬೀಳಲು ಕಲಿತಿತ್ತು. ಹೊರದೇಶದ ನಾಲ್ಕನೇ ಮಹಡಿಯಲ್ಲಿ, ಎಣ್ಣೆ ನೀರು ಹಾಕುವವರಿಲ್ಲದೆ, ನನ್ನ ಮಗಳು ಬಾಣಂತನ ಕಳೆದಳು. ಅದು ನನ್ನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು.

ಅಲ್ಲಿ ಸೆಕೆ ಏರುವಾಗ ನಮ್ಮ ಕಡೆಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬರುತ್ತಾರಲ್ಲ, ಹಾಗೆ ಜೂನಿನಲ್ಲಿ ಶೈಲಾ ಮಗುವನ್ನೆತ್ತಿಕೊಂಡು ಹೆಮ್ಮಾಡಿಗೆ ಬಂದಳು. ತಡವಾದರೇನು, ತಪ್ಪಿದ ಬಾಣಂತನವನ್ನು ಈಗ ಮಾಡುತ್ತೇನೆ ಎಂದು ನಾನು ಸಿದ್ಧವಾಗಿ ಕೂತಿದ್ದೆ. ಗಾಣದ ಎಣ್ಣೆ ತರಿಸಿದ್ದೆ. ಮೆಂತೆ, ಓಮ, ಕಾಳುಮೆಣಸು, ಹಳೆ ಬೆಲ್ಲ ಎಲ್ಲ ಡಬ್ಬಿಗೆ ತುಂಬಿಸಿದ್ದೆ. ಮರುದಿನ ಬೆಳಕು ಹರಿಯುವಾಗ ಎಣ್ಣೆ ಬಿಸಿ ಮಾಡಿಕೊಂಡು ಹೋದರೆ ಹಾಸಿಗೆಯಲ್ಲಿ ಮಗು ಒಂದೇ. ಹೊರಗೆ ಬಂದು ನೋಡಿದೆ. ಮಗಳು ಮೈಗೆ ಅಂಟಿದ ಕಪ್ಪು ಚಡ್ಡಿ, ನೀಲಿ ಶೂ ಹಾಕಿಕೊಂಡು ಜಗಲಿಯಲ್ಲಿ ಕೂತು ಲೇಸು ಕಟ್ಟುತ್ತಿದ್ದಾಳೆ.

"ಎಲ್ಲಿಗ್ ಹೊರ್ಟೆ ಹೆಣೆ?"

"ಓಡುಕೆ ಅಮ್ಮ."

"ಎಂತಕ್ಕೆ? ಯಾರ್ ಅಟ್ಟಿಸ್ಕಂಡ್ ಬಂದ್ರ್?"

ಆಗ ಬಾಯಿ ಬಿಟ್ಟಳು. ಮಸ್ಕತ್ತಿನಲ್ಲಿ ಚಳಿಗಾಲದಲ್ಲಿ ಮ್ಯಾರಥಾನ್ ಎಂಬ ಓಟ ಇದೆಯಂತೆ. ಅವರ ಬಿಲ್ಡಿಂಗಿನ ಕೆಲವು ಹೆಂಗಸರ ಜೊತೆ ಇವಳೂ ಹೆಸರು ಕೊಟ್ಟಿದ್ದಾಳಂತೆ. ಅದಕ್ಕೆ ಈಗಿನಿಂದಲೇ ಅಭ್ಯಾಸ ಮಾಡಬೇಕಂತೆ.

"ಎಷ್ಟ್ ದೂರ ಓಡುದ್ ಮಗಾ?" ಎಂದು ಹಲ್ಲುಜ್ಜುತ್ತಿದ್ದ ಇವರು ಅಂಗಳದಿಂದಲೇ ಕೇಳಿದರು. ನಮ್ಮನೆಯವರು ಬೈಂದೂರಿನಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಲೋಕದಲ್ಲಿ ಎಷ್ಟು ದೂರವಿದ್ದರೂ ಅದನ್ನು ಆ ರಸ್ತೆಯ ಮೇಲೆ ಮಲಗಿಸಿಯೇ ಅಳೆಯುವುದು ಅವರ ಚಾಳಿ.

"ನಲ್ವತ್ತೆರಡ್ ಕಿಲೋಮೀಟರ್ ಅಪ್ಪಯ್ಯ. ಮೇಲೆ ಚೂರ್ ಜಾಸ್ತಿ."

"ಅಯ್ಯಬ್ಬ! ನಮ್ ಹೆಮ್ಮಾಡಿಂದ ಉಡುಪಿ ಮಾರಾಯ್ತಿ!" ಎಂದವರೇ ಬಾಯಲ್ಲಿ ನೊರೆ ಇಟ್ಟುಕೊಂಡೇ ಶುರು ಮಾಡಿದರು. "ತಲ್ಲೂರ್, ಕುಂದಾಪ್ರ, ಕೋಟೇಶ್ವರ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ, ಸಾಸ್ತಾನ, ಬ್ರಹ್ಮಾವರ, ಸಂತೆಕಟ್ಟೆ... ಉಡುಪಿ! ಎಲ್ಲ ಇಳ್ಕಣಿ!"

"ಅಷ್ಟ್ ದೂರಕ್ಕೆ ಆ ಊರಂಗೆ ಬಸ್ ಇಲ್ಯಾ?" ಎಂದೆ ನಾನು. ಅಪ್ಪ ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಕೈಯಲ್ಲಿ ಎಣ್ಣೆ ಆರುತ್ತಿತ್ತು.

ಅಂದಿನಿಂದ ಶುರುವಾಯಿತು ನನ್ನ ಗ್ರಹಚಾರ. ನಾನು ಎಣ್ಣೆ ಬಿಸಿ ಮಾಡುವಾಗ ಅವಳು ಓಡಲು ಹೋಗಿರುತ್ತಿದ್ದಳು. ಅವಳು ಬರುವಾಗ ಎಣ್ಣೆಯೂ ತಣ್ಣಗೆ, ಹಂಡೆಯ ನೀರೂ ತಣ್ಣಗೆ. ಮೆಂತೆ ಗಂಜಿ ಕಾಯಿಸಿಟ್ಟರೆ "ಹೊಟ್ಟಿ ಭಾರ ಆತ್ತ್ ಅಮ್ಮ" ಎಂದು ಬಾಳೆಹಣ್ಣು ಸುಲಿದುಕೊಂಡು ತಿನ್ನುತ್ತಿದ್ದಳು. ಮಗುವಂತೂ ಅಮ್ಮ ಗೇಟು ದಾಟುವುದನ್ನೇ ಕಾದು ಅಳುತ್ತಿತ್ತು. ಅದನ್ನು ಸೊಂಟದ ಮೇಲೆ ಹಾಕಿಕೊಂಡು ನಾನು ಜಗಲಿಯ ಉದ್ದಕ್ಕೆ ತಿರುಗುತ್ತಿದ್ದೆ. ಅಲ್ಲಿಗೆ ಮನೆಯಲ್ಲಿ ಇಬ್ಬರು ಓಡಿದ ಹಾಗಾಯಿತು, ಹೆಸರು ಮಾತ್ರ ಒಬ್ಬಳದು.

ಮಳೆಯೋ, ಅದೂ ನನ್ನ ಮೇಲೆ ಹಟ ತೊಟ್ಟಿತ್ತು. ಹೈವೇಯಲ್ಲಿ ಹೋಗುವ ಲಾರಿಗಳು ಕೆಸರು ನೀರನ್ನು ಅವಳ ಮೈಮೇಲೆ ಎರಚುತ್ತಿದ್ದವು. ಬಸ್ಸಿನವರ ಕಾಟ ಬೇರೆ. ಹೆಂಗಸೊಬ್ಬಳು ರಸ್ತೆಯ ಬದಿಯಲ್ಲಿ ಓಡುತ್ತಿದ್ದರೆ ಬಸ್ಸು ಹಿಡಿಯಲು ಎಂದೇ ಅವರ ಎಣಿಕೆ. ಅವಳ ಪಕ್ಕಕ್ಕೆ ತಂದು ನಿಲ್ಲಿಸಿ ವಿಷಲ್ ಊದಿ "ಬನ್ನಿ ಅಕ್ಕ, ಬೇಗ ಹತ್ತಿ" ಎನ್ನುವುದು. ಇವಳು ಬೇಡ ಎಂದು ಕೈ ಬೀಸಿ ಓಡುವುದು. ಒಳಗೆ ಕೂತವರೆಲ್ಲ ಕುತ್ತಿಗೆ ತಿರುಗಿಸಿ ನೋಡುವುದು. ಆ ನೋಡಿದವರಲ್ಲಿ ಅರ್ಧ ಜನ ನಮ್ಮ ಪರಿಚಯದವರೇ.

ಜಲಜಕ್ಕ ಬೇಲಿಯ ಆಚೆಯಿಂದ ಕೇಳಿದಳು, "ಎಂತ ಮಾರಾಯ್ತಿ, ನಿನ್ ಮಗ್ಳ್ ದಿನಾ ಬಸ್ ತಪ್ಪಿಸ್ಕಂತ್ಳಾ?"

ನನಗೆ ಮೈಯೆಲ್ಲ ಉರಿಯಿತು. ಶೈಲಾ ಆಗಷ್ಟೇ ನೆನೆದು ತೊಪ್ಪೆಯಾಗಿ ಬಂದು ಶೂ ಬಿಚ್ಚುತ್ತಿದ್ದಳು. ಜಲಜಕ್ಕನ ಎದುರೇ, ಇಡೀ ಕೇರಿಗೆ ಕೇಳುವ ಹಾಗೆ ಕೂಗಿದೆ. "ಕಾಣ್ತಾ ಇರ್, ಒಂದಿನ ನಿನ್ನ ಆ ಶೂವನ್ನ ಒಲಿಗೇ ಹಾಕ್ತೆ!"

ಹೇಳಿದೆ, ಹೌದು. ಒಂದು ಸಲ ಅಲ್ಲ. ಎಣ್ಣೆ ಆರಿದಾಗಲೆಲ್ಲ ಹೇಳಿದೆ. ಆದರೆ ಮಕ್ಕಳಿಗೆ ಬೈಯುವ ಮಾತನ್ನೆಲ್ಲ ತಾಯಂದಿರು ಮಾಡಿ ತೋರಿಸಿದ್ದರೆ ಈ ಊರಿನಲ್ಲಿ ಎಷ್ಟು ಮಕ್ಕಳು ಉಳಿಯುತ್ತಿದ್ದವು?

ಒಂದು ದಿನ ಮಾತು ಜೋರಾಯಿತು. ಆಷಾಢದ ಗಾಳಿಮಳೆ, ತೆಂಗಿನ ಮಡಲು ಮುರಿದು ಅಂಗಳಕ್ಕೆ ಬೀಳುತ್ತಿದೆ, ಇವಳು ಹೊರಟು ನಿಂತಿದ್ದಾಳೆ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಹೆತ್ತ ಮೈ ಇನ್ನೂ ಹಸಿ ಇತ್ತ್. ಗಂಟ್ ಗಂಟಿಗೂ ಗಾಳಿ ಹೊಕ್ಕಂತ್. ಮುಂದೆ ಸೊಂಟ ಹಿಡ್ಕಂಡ್ ಕೂತ್ರೆ ಕಾಂಬುಕೆ ನಾ ಇರ್ತಿಲ್ಲೆ."

"ಅಮ್ಮ, ಬಿಡ್ ನನ್ನ."

"ನಿಂಗೆಂತ ಕಡ್ಮಿ ಆಯ್ತ್? ಗಂಡ ಬೈತ್ನಾ? ಊಟಕ್ ಇಲ್ಯಾ?"

ಶೈಲಾ ಬಗ್ಗಿ ಶೂವಿನ ಲೇಸು ಬಿಗಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು. "ಎಲ್ಲ ಇತ್ತ್ ಅಮ್ಮ. ಪಾಪು ಹುಟ್ಟಿದ್ ಮೇಲೆ ನಂಗೆ ಬೆಳಿಗ್ಗೆ ಏಳುಕೇ ಮನ್ಸಿಲ್ಲೆ. ಅದು ಕೂಗಿರೆ ನಾನೂ ಕೂಗ್ತಾ ಕೂಕಂತಿದ್ದೆ. ಅಲ್ಲಿ ನಾಲ್ಕ್ ಗೋಡಿ, ಹೊರಗೆ ಬೆಂಕಿ ಬಿಸ್ಲ್. ಕೆಳಗಿನ ಮನಿ ಅಕ್ಕ ಒಂದಿನ ಸಮುದ್ರದ್ ಬದಿಗೆ ಎಳ್ಕಂಡ್ ಹೋಯಿ ಓಡ್ಸಿದ್ರ್. ಅವತ್ತ್ ನಂಗೆ ಉಸಿರ್ ಬಂತ್."

ಅಷ್ಟು ಹೇಳಿ ನನ್ನ ಕೈಯ ಕೆಳಗಿನಿಂದ ನುಸುಳಿ ಮಳೆಗೆ ಇಳಿದುಬಿಟ್ಟಳು.

ನಾನು ಓದಿದ್ದು ಮೂರನೇ ಕ್ಲಾಸು. ಮಗು ಹುಟ್ಟಿದ ಮನೆಯಲ್ಲಿ ತಾಯಿಗೆ ಬೆಳಿಗ್ಗೆ ಏಳಲು ಮನಸ್ಸಾಗುವುದಿಲ್ಲ ಎಂದರೆ ಅದು ಯಾವ ಕಾಯಿಲೆ ಎಂದು ನನಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ. ನಾನು ಹೋಗಬೇಕಾಗಿದ್ದ ಹೊತ್ತಿಗೆ ಹೋಗಲಿಲ್ಲ, ನನ್ನ ಜಾಗದಲ್ಲಿ ಯಾರೋ ಕೆಳಗಿನ ಮನೆಯ ಹೆಂಗಸು ನಿಂತಳು. ಆ ಸಂಕಟವನ್ನು ಯಾರಲ್ಲಿ ಹೇಳುವುದು? ಒಲೆಯಲ್ಲಿ ಹೇಳಿದೆ, ಹೊಗೆ ಕಣ್ಣಿಗೆ ಹೊಕ್ಕಿತು.

ನಮ್ಮ ಬಚ್ಚಲ ಒಲೆಯ ವಿಷಯವನ್ನು ಇಲ್ಲಿ ಹೇಳಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ ಒಣಗುವುದು ಹಂಡೆ ಒಲೆಯ ದಯೆಯಿಂದ. ಒಲೆಯ ಮೇಲೆ, ಕೈಗೆಟಕುವ ಎತ್ತರದಲ್ಲಿ ಒಂದು ಬಿದಿರಿನ ಗಳ ಕಟ್ಟಿರುತ್ತೇವೆ. ಕೆಳಗೆ ತೆಂಗಿನ ಸಿಪ್ಪೆ ಉರಿಯುತ್ತದೆ, ಮೇಲೆ ಬಟ್ಟೆ ಒಣಗುತ್ತದೆ. ಗಳದ ಎರಡು ತುದಿಗೆ ಹಾಕಿದ್ದು ಬೆಚ್ಚಗಾಗುತ್ತದೆ ಅಷ್ಟೆ, ಒಣಗುವುದಿಲ್ಲ. ಸರಿಯಾಗಿ ಒಣಗುವುದು ನಡುವಿನ ಒಂದು ಮೊಳ ಜಾಗದಲ್ಲಿ. ಮನೆಯಲ್ಲಿ ಮಗು ಇದ್ದರೆ ಆ ಜಾಗ ಮಗುವಿನದು. ಇವರು ಒಂದು ದಿನ ಕುಂದಾಪುರಕ್ಕೆ ಹೋಗುವ ಅವಸರದಲ್ಲಿ ತಮ್ಮ ಪಂಚೆಯನ್ನು ಅಲ್ಲಿ ನೇತುಹಾಕಿ ನನ್ನಿಂದ ಚೆನ್ನಾಗಿ ಬೈಸಿಕೊಂಡಿದ್ದರು. "ಮಗಿನ್ ಬಟ್ಟಿ ಜಾಗಕ್ಕೆ ಕೈ ಹಾಕ್ಬೇಡಿ ಕಾಣಿ!" ಶೈಲಾಳೂ ಅಲ್ಲೇ ಇದ್ದಳು, ನಕ್ಕಿದ್ದಳು.

ಅವಳು ಹಿಂತಿರುಗುವ ದಿನ ಹತ್ತಿರ ಬಂತು. ಹೊರಡುವ ಮೊದಲು ಒಂದು ದೊಡ್ಡ ಓಟ ಓಡಲೇಬೇಕು, ಬೈಂದೂರಿನವರೆಗೆ, ಅದು ಆದರೆ ಮಾತ್ರ ಮ್ಯಾರಥಾನಿನ ಧೈರ್ಯ ಎಂದಳು. ಭಾನುವಾರ ಎಂದು ಗೊತ್ತಾಯಿತು. ಅಪ್ಪಯ್ಯ ಹಿಂದಿನಿಂದ ನೀರು ಹಿಡಿದುಕೊಂಡು ಜಲಜಕ್ಕನ ಮಗನ ಸ್ಕೂಟರಿನಲ್ಲಿ ಹೋಗುವುದು ಎಂದು ಮಾತಾಯಿತು. "ಮುಳ್ಳಿಕಟ್ಟೆ, ತ್ರಾಸಿ, ಮರವಂತೆ, ನಾವುಂದ..." ಎಂದು ಇವರು ಊಟಕ್ಕೆ ಕೂತಾಗಲೂ ಸ್ಟಾಪು ಕೂಗುತ್ತಿದ್ದರು.

ಆ ಶನಿವಾರ ಬೆಳಿಗ್ಗೆ ಕೊನೆಗೂ ಎಣ್ಣೆ ಹಚ್ಚಲು ಮಗಳು ನನ್ನ ಕೈಗೆ ಸಿಕ್ಕಿದಳು. ಕಾಲು ತಿಕ್ಕಲು ಕೂತವಳು ಅವಳ ಪಾದ ನೋಡಿ ಬೆಚ್ಚಿಬಿದ್ದೆ. ದಿನಾ ಒದ್ದೆ ಶೂ ಹಾಕಿ ಹಾಕಿ ಬೆರಳ ಸಂದು ಬಿಳಿಚಿ ಸುಲಿದಿತ್ತು. ಹೆಬ್ಬೆರಳ ಉಗುರು ಕಪ್ಪಾಗಿತ್ತು. ಎಣ್ಣೆ ತಾಗಿದಾಗ ಹಲ್ಲು ಕಚ್ಚಿ ಹಿಡಿದಳು, ಬಾಯಿ ಬಿಡಲಿಲ್ಲ. ನೀರು ಹೊಯ್ದು ಕಳಿಸಿದ ಮೇಲೆ ನಾನು ಆ ಶೂಗಳನ್ನು ಎತ್ತಿ ನೋಡಿದೆ. ಹಿಂಡಿದರೆ ಚೊಂಬು ನೀರು ಬರುವ ಹಾಗಿದ್ದವು. ಇದನ್ನೇ ಹಾಕಿಕೊಂಡು ನಾಳೆ ಬೈಂದೂರಿನವರೆಗೆ!

ಗಳದ ನಡುವಿನ ಬಟ್ಟೆಗಳನ್ನು ಬದಿಗೆ ಸರಿಸಿದೆ. ಲೇಸಿಗೆ ಲೇಸು ಗಂಟು ಹಾಕಿ ಶೂಗಳನ್ನು ನಡುವಿಗೆ ತೂಗುಹಾಕಿದೆ. ಬೇಗ ಒಣಗಲಿ ಎಂದು ಎರಡು ಹಿಡಿ ತೆಂಗಿನ ಗೆರಟೆ ಹೆಚ್ಚೇ ತುರುಕಿದೆ. ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಎತ್ತಿಕೊಂಡು, ಆಡಿಸಿ, ಮಲಗಿಸಿ ಬರುವಾಗ ಆ ವಾಸನೆ.

ಗೆರಟೆಯ ಉರಿ ಮೇಲಿನವರೆಗೆ ನೆಗೆದಿತ್ತು. ಶೂವಿನ ಅಡಿ ಬಿಟ್ಟುಕೊಂಡು, ಸುಟ್ಟ ಹಪ್ಪಳದ ಹಾಗೆ ಸುರುಟಿ, ನೀಲಿ ಬಣ್ಣ ಕಂದಾಗಿ ಹೋಗಿತ್ತು. ನಾನು ಬರಿಗೈಯಲ್ಲಿ ಎಳೆದೆ, ಬೆರಳು ಸುಟ್ಟಿತು. ವಾಸನೆಗೆ ಎಲ್ಲರೂ ಬಂದರು. ಜಲಜಕ್ಕನೂ ಬಂದಳು.

ಶೈಲಾ ಕೂಗಲಿಲ್ಲ. ಶೂವನ್ನು ನೋಡಿದಳು, ನನ್ನನ್ನು ನೋಡಿದಳು. "ಅಂತೂ ಒಲಿಗೆ ಹಾಕ್ದೆ ಅಲ್ದಾ ಅಮ್ಮ?"

"ಇಲ್ಲೆ ಮಗಾ, ಒಣಗ್ಲಿ ಅಂದೇಳಿ..."

"ಬೇಡ. ಎಂತ ಹೇಳ್ಬೇಡ."

ಇವರಾದರೂ ನನ್ನ ಪರ ನಿಲ್ಲುತ್ತಾರೆ ಎಂದುಕೊಂಡೆ. ಇವರು ತಲೆ ಅಲ್ಲಾಡಿಸಿ, "ಹೇಳಿದ್ದನ್ನ ಮಾಡಿಯೇ ಬಿಟ್ಯಲ್ಲೆ" ಎಂದರು. ಜಲಜಕ್ಕ ಸಮಾಧಾನ ಮಾಡಲು ಬಂದವಳು, "ಹೋಯ್ಲಿ ಬಿಡ್ ಶೈಲಾ, ಅಮ್ಮಂಗೂ ನಿನ್ ಮೇಲಿನ ಪ್ರೀತಿಗೇ ಅಲ್ದಾ ಸುಟ್ಟದ್ದ್" ಎಂದಳು. ನೋಡಿ, ಸಮಾಧಾನದ ಮಾತಿನಲ್ಲೂ ಸುಟ್ಟವಳು ನಾನೇ! ಗಂಟಲು ಹರಿಯುವ ಹಾಗೆ ಹೇಳಿದೆ, ಅಣ್ಣಪ್ಪ ಸ್ವಾಮಿಯ ಆಣೆ ಹಾಕಿದೆ. ಯಾರ ಮುಖದಲ್ಲೂ ನಂಬಿಕೆ ಕಾಣಲಿಲ್ಲ. ಬೈದದ್ದು ಎಲ್ಲರ ಕಿವಿಗೂ ಬಿದ್ದಿತ್ತು. ಸರಿಸಿ ಜಾಗ ಮಾಡಿದ್ದನ್ನು ನೋಡಲು ಅಲ್ಲಿ ಒಲೆಯೊಂದೇ ಇದ್ದದ್ದು.

ಮಧ್ಯಾಹ್ನ ಇವರು ಕುಂದಾಪುರದ ಪೇಟೆಯೆಲ್ಲ ಸುತ್ತಿ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ತಂದರು, ಶಾಲೆಯ ಮಕ್ಕಳು ಹಾಕುವಂಥದ್ದು. ಭಾನುವಾರ ಶೈಲಾ ಅದರಲ್ಲೇ ಹೊರಟಳು. ಮರವಂತೆ ದಾಟುವವರೆಗೆ ಓಡಿದಳಂತೆ. ನಾವುಂದದಲ್ಲಿ ಕೂತು ಶೂ ಬಿಚ್ಚಿದರೆ ಹಿಮ್ಮಡಿಯ ಚರ್ಮ ಶೂವಿಗೇ ಅಂಟಿತ್ತಂತೆ. ಬೈಂದೂರು ಮುಟ್ಟಲಿಲ್ಲ. ಇಬ್ಬರಿದ್ದ ಸ್ಕೂಟರಿನಲ್ಲಿ ಜಾಗವಿರಲಿಲ್ಲ, ಇಷ್ಟು ದಿನ ಕೈ ಬೀಸಿ ಬೇಡ ಎನ್ನುತ್ತಿದ್ದ ಬಸ್ಸನ್ನೇ ಹತ್ತಿ ಮನೆಗೆ ಬಂದಳು.

ಹೊರಡುವಾಗ ನಾನು ಕೊಟ್ಟ ಎಣ್ಣೆಯ ಬಾಟಲಿಯನ್ನು ತೆಗೆದುಕೊಳ್ಳಲಿಲ್ಲ. "ಬ್ಯಾಗಂಗೆ ಜಾಗ ಇಲ್ಲೆ" ಎಂದಳು. ಜಾಗ ಇತ್ತು, ನಾನೇ ಬ್ಯಾಗು ತುಂಬಿಸಿದ್ದೆ.

ಆಮೇಲಿನ ತಿಂಗಳುಗಳಲ್ಲಿ ಫೋನು ಬರುತ್ತಿತ್ತು. "ಪಾಪು ಹುಷಾರಿತ್ತ್. ಅಪ್ಪಯ್ಯಂಗೆ ಕೊಡ್." ಅಷ್ಟೆ. ಅಪ್ಪಯ್ಯನ ಹತ್ತಿರ ಅರ್ಧ ಗಂಟೆ ಮಾತು. ಹೊಸ ಶೂ ತೆಗೆದುಕೊಂಡದ್ದು, ತಪ್ಪಿಹೋದ ದೊಡ್ಡ ಓಟವನ್ನು ಅಲ್ಲಿ ಓಡಲು ನೋಡಿ ನಡುವೆ ಕಾಲು ಉಳುಕಿದ್ದು, ಬಿಟ್ಟುಬಿಡಲೇ ಎಂದು ಯೋಚಿಸುತ್ತಿದ್ದದ್ದು, ಎಲ್ಲ ನನಗೆ ಇವರ ಬಾಯಿಯಿಂದಲೇ ಗೊತ್ತಾಗಬೇಕು. ಅವಳ ಓಟ ಮುಗಿಯದಿದ್ದರೆ ಕಾರಣ ನಾನೇ ಎಂದು ಜನ್ಮಪೂರ್ತಿ ಉಳಿಯುತ್ತದಲ್ಲ! ಓಟವೇ ಬೇಡ ಎಂದವಳು ನಾನು, ಅದೊಂದು ಓಟ ಮುಗಿಯಲಿ ಎಂದು ದಿನಾ ದೀಪ ಹಚ್ಚಿ ಕೈ ಮುಗಿಯುವ ಹಾಗಾಯಿತು.

ಓಟದ ದಿನ ಬಂತು. ಬೆಳಿಗ್ಗೆ ಅಳಿಯ ಫೋನು ಮಾಡಿ "ಹೊರಟ್ಲ್ ಅತ್ತೆ" ಎಂದು ಇಟ್ಟರು. ಅಷ್ಟೇ ಸಾಕಾಯಿತು, ಇವರು ಜಗಲಿಯ ಕುರ್ಚಿಯಲ್ಲಿ ಕೂತು ಗೋಡೆಯ ಗಡಿಯಾರ ನೋಡಿಕೊಂಡು ಶುರು ಮಾಡಿದರು. "ಈಗ ತಲ್ಲೂರ್." ಸ್ವಲ್ಪ ಹೊತ್ತು ಬಿಟ್ಟು, "ಕುಂದಾಪ್ರ. ಶಾಸ್ತ್ರಿ ಸರ್ಕಲ್ ದಾಟ್ತ್."

"ಸುಮ್ನೆ ಕೂಕಣಿ ಮಾರಾಯ್ರೆ" ಎಂದೆ. ಕೂರಲಿಲ್ಲ. ಕೋಟೇಶ್ವರ ಎಂದರು, ತೆಕ್ಕಟ್ಟೆ ಎಂದರು. ನಾನು ಬೈಯುತ್ತಲೇ ಮನಸ್ಸಿನಲ್ಲಿ ಆ ರಸ್ತೆಯನ್ನು ನೋಡುತ್ತಿದ್ದೆ. ಮಸ್ಕತ್ತು ನನಗೆ ಕಂಡದ್ದಲ್ಲ, ಗೊತ್ತೂ ಇಲ್ಲ. ನನ್ನ ಮಗಳು ಸಾಲಿಗ್ರಾಮದ ಮರದ ನೆರಳಿನಲ್ಲಿ, ಸಾಸ್ತಾನದ ಬಿಸಿಲಿನಲ್ಲಿ ಓಡುತ್ತಿದ್ದಳು. ನಡುವೆ ಫೋನು ಬಡಿಯಿತು. ಹಾರಿಹೋಗಿ ಎತ್ತಿದರೆ ಸಿದ್ದಾಪುರದ ನಾದಿನಿ, ಹಲಸಿನ ಹಪ್ಪಳ ಮುಗಿಯಿತಾ ಎಂದು ಕೇಳಲು! "ಇಡ್ ಮಾರಾಯ್ತಿ, ಮಗ್ಳ್ ಸಾಸ್ತಾನದಗೆ ಇತ್ತ್" ಎಂದು ಕುಕ್ಕಿದೆ. ಪಾಪ, ಅವಳಿಗೆ ಏನು ಅರ್ಥವಾಯಿತೋ.

ಬ್ರಹ್ಮಾವರ ಎಂದರು. ಸಂತೆಕಟ್ಟೆ ಎಂದರು. ಕೊನೆಗೆ, ಸಣ್ಣ ಸ್ವರದಲ್ಲಿ, "ಉಡುಪಿ" ಎಂದರು.

ಫೋನು ಬರಲಿಲ್ಲ.

ಗಂಜಿ ಆರಿತು. ಇಬ್ಬರೂ ಉಣ್ಣಲಿಲ್ಲ. ಇವರು ನನ್ನ ಮುಖ ನೋಡದೆ, "ಕೆಲವ್ ಸಲ ಪಂಚರ್ ಆತ್ತ್ ಅಲ್ದಾ, ಬಸ್ ತಡ ಆಪ್ದೇ" ಎಂದರು. ನನಗೆ ಆ ಹಿಮ್ಮಡಿ ಕಣ್ಣೆದುರು ಬಂತು, ಆ ಬಿಳಿ ಕ್ಯಾನ್ವಾಸ್ ಶೂ ಬಂತು. ಎಲ್ಲೋ ರಸ್ತೆಯ ಬದಿಯಲ್ಲಿ ಕೂತಿದ್ದಾಳೆ, ಆ ಊರಿನಲ್ಲಿ ಹತ್ತಿಸಿಕೊಳ್ಳಲು ನಮ್ಮ ಬಸ್ಸೂ ಇಲ್ಲ ಎಂದು ಸೆರಗು ಬಾಯಿಗೆ ಒತ್ತಿಕೊಂಡೆ.

ಆಗ ಬಡಿಯಿತು.

"ಅಮ್ಮ." ಅಪ್ಪಯ್ಯ ಅಲ್ಲ, ಅಮ್ಮ ಎಂದಳು. ಉಸಿರು ತಿದಿಯ ಹಾಗೆ ಕೇಳುತ್ತಿತ್ತು.

"ಎಂತ ಆಯ್ತ್ ಮಗಾ? ಬಿದ್ಯಾ?"

"ಇಲ್ಲೆ. ಒಂದ್ ಕೇಣ್ತೆ, ಹೇಳ್. ಅವತ್ತ್ ಪಾಪು ಬಟ್ಟಿ ಎಲ್ಲಿ ಹಾಕಿದ್ದೆ?"

ನನಗೆ ತಲೆಬುಡ ತಿಳಿಯಲಿಲ್ಲ. "ಯಾವತ್ತ್?"

"ಶೂ ಸುಟ್ಟ ದಿನ. ಪಾಪುನ ಎತ್ಕಂಬ ಹೊತ್ತಿಗೆ ಅದ್ರ ಬಟ್ಟಿ ಎಲ್ಲ ಒದ್ದಿ ಇದ್ದಿತ್. ನಿನ್ ಹಳೆ ಸೀರಿ ತುಂಡಂಗೆ ಸುತ್ತಿದ್ದೆ ನಾನ್. ಕೊನಿ ಕೊನಿಗೆ ಕಾಲ್ ಎತ್ತುಕೇ ಆತಿಲ್ಲೆ ಅಮ್ಮ, ನಡೀತಾ ಇದ್ದೆ, ಏನೇನೋ ನೆನ್ಪಾತಿತ್ತ್. ಅದೂ ನೆನ್ಪಾಯ್ತ್. ಬಟ್ಟಿ ಗಳದ ಮಧ್ಯ ಇದ್ದಿದ್ರೆ ಒಣಗಿರ್ತಿತ್ತ್ ಅಲ್ದಾ?"

"ಬದಿಗೆ ಸರ್ಸಿದ್ದೆ" ಎಂದೆ.

"ಎಂತಕ್ಕೆ?"

"ಮಧ್ಯ ನಿನ್ ಶೂ ಇದ್ದಿತ್ತಲ್ಲೆ."

ಆಚೆ ಕಡೆ ಅತ್ತಳೋ ನಕ್ಕಳೋ, ಎರಡೂ ಒಂದೇ ಸಲ ಬಂತು. "ಅಪ್ಪಯ್ಯಂಗೇ ಕೊಡದ ಜಾಗ! ಸುಡುಕಾದ್ರೆ ಯಾರಾದ್ರೂ ಆ ಜಾಗ ಕೊಡ್ತ್ರಾ ಅಮ್ಮ? ನಂಗ್ಯಾಕ್ ಅವತ್ತೇ ಹೊಳಿಲಿಲ್ಲೆ?"

ನನ್ನ ಎದೆಯ ಮೇಲಿಂದ ಯಾರೋ ಅರೆಯುವ ಕಲ್ಲನ್ನು ಎತ್ತಿದ ಹಾಗಾಯಿತು. ಕಣ್ಣೀರು ಫೋನಿನ ಮೇಲೆಲ್ಲ ಸುರಿಯಿತು. "ಅದೆಲ್ಲ ಇರ್ಲಿ ಹೆಣೆ, ಓಟ ಎಂತ ಆಯ್ತ್? ಬಿಟ್ಯಾ?"

"ಬಿಡುದಾ? ಮುಗ್ಸಿಯೇ ಫೋನ್ ಮಾಡಿದ್ದ್. ನನ್ ಹಿಂದೆ ಜನ ಕಡ್ಮಿ ಇದ್ದಿರ್, ಆದ್ರೆ ಇದ್ದಿರ್."

"ಶೂ ಬಿಚ್ಚಿದ್ಯಾ? ಒದ್ದಿ ಇದ್ರೆ ಗಾಳಿಗ್ ಇಡ್. ಬೆಂಕಿ ಹತ್ರ ಬೇಡ."

ಅವಳ ನಗು ಇಡೀ ಮನೆಗೆ ಕೇಳಿತು. ನಾನು ಇವರ ಕಡೆ ತಿರುಗಿದೆ. ಇಷ್ಟು ಹೊತ್ತು ಊರೂರು ಕೂಗುತ್ತಿದ್ದ ಮನುಷ್ಯ ಕುರ್ಚಿಯಿಂದ ಅರ್ಧ ಎದ್ದು ನಿಂತು ನನ್ನ ಬಾಯನ್ನೇ ನೋಡುತ್ತಿದ್ದಾರೆ, ಅವರ ಗಂಟಲಿನಿಂದ ಸ್ವರವೇ ಹೊರಡುತ್ತಿಲ್ಲ. ಹಾಗಾಗಿ ನಾನೇ ಕೂಗಬೇಕಾಯಿತು, ಬೇಲಿಯ ಆಚೆ ಜಲಜಕ್ಕನಿಗೂ ಕೇಳುವ ಹಾಗೆ.

"ಹ್ವಾಯ್, ಉಡುಪಿ ಬಂತ್! ಎಲ್ಲ ಇಳ್ಕಣಿ!"